ಮಡಿಲ ಕೂಸಿನ ಮೊದಲ ವಿಮಾನ

ದಿಲ್ಲಿಗೆ ಹೋಗಿ ಬಂದ ಮ್ಯಾಲೆ ನಮ್ಮ ಓಣ್ಯಾಗ ಒಬ್ಬರೂ ನನಗ ದಿಲ್ಲಿ ಹೆಂಗದ ಅಂತ ಕೇಳಲಿಲ್ಲ ನೋಡ್ರಿ. ಎಲ್ಲಾರದೂ ಒಂದ ಪ್ರಶ್ನೆ. "ಅಲ್ಲ ವೈನಿ, ಅಷ್ಟು ಸಣ್ಣ ಕೂಸಿನ್ನ ಒಬ್ಬಾಕಿನ ಹೆಂಗ ಕರಕೊಂಡು ಹೋದ್ರಿ? ಅಳಲಿಲ್ಲೇನು? ಕಿವಿ ನೋಯಲಿಲ್ಲೇನು?" ಗಿರಣಿ ಮುಂದ ನಿಂತಾಗ ಕೇಳಿದ್ರು, ಅರಿಷಿಣ-ಕುಂಕುಮಕ್ಕ ಹೋದಲ್ಲೆ ಕೇಳಿದ್ರು, ಹುಬ್ಬಳ್ಳಿ ಮಾಂವಶಿ ಫೋನ್ ಮಾಡಿ ಕೇಳಿದ್ಲು. ಈಗ ಎಲ್ಲಾರ ಮನಿಯಾಗೂ ಒಬ್ರಿಲ್ಲಾ ಒಬ್ರು ದೂರ ಇದ್ದಾರ, ಇವತ್ತಿಲ್ಲ ನಾಳೆ ಎಲ್ಲಾರಿಗೂ ಈ ಕೆಲಸ ಬೀಳೋದ. ಅದಕ್ಕ ಒಮ್ಮೆ ಕೂತು ಪೂರಾ ಬರದು ಬಿಡತೀನಿ, ಬೇಕಾದವರು ಓದಿಕೊಳ್ರಿ.

ಹೋಗಲೇಬೇಕು ಅನ್ನೋದಕ್ಕ ಕಾರಣ ಇತ್ತು. ನಮ್ಮವರಿಗೆ ಶ್ರಾವಣದಾಗ ದಿಲ್ಲಿಗೆ ವರ್ಗ ಆತು. ಆಗ ಪುಟ್ಟಿಗೆ 14 ತಿಂಗಳು. ಮನಿ ಸಿಗೋತನಕ ನಾನು ಧಾರವಾಡದಾಗ ಅತ್ತಿಯವರ ಜೋಡಿ ಇರೋದು ಅಂತ ಆತು. ದಿನಾ ರಾತ್ರಿ ವಿಡಿಯೋ ಕಾಲ್. ಒಂದೆರಡು ತಿಂಗಳಿಗೆ ಏನಾತಂದ್ರ, ಪುಟ್ಟಿ ಫೋನಿಗೇ "ಅಪ್ಪ" ಅನ್ನಲಿಕ್ಕೆ ಸುರು ಮಾಡಿದ್ಲು. ಯಾರ ಫೋನ್ ಇರಲಿ, ಬಂದ್ ಆಗಿದ್ದು ಇರಲಿ, ಎತ್ತಿಕೊಂಡು ಮುದ್ದು ಕೊಟ್ಟು "ಅಪ್ಪಾ" ಅನ್ನೋದು. ಹಾಲಿನವ ಬಂದಾಗ ಅವನ ಕೈಯಾಗಿನ ಫೋನಿಗೂ "ಅಪ್ಪಾ" ಅಂದಳು! ಎಲ್ಲಾರೂ ಹೊಟ್ಟಿ ಹಿಡಕೊಂಡು ನಕ್ಕರು, ನಾನೂ ನಕ್ಕೆ. ರಾತ್ರಿ ಮಲಗಿದಾಗ ಮಾತ್ರ ನಗು ಬರಲಿಲ್ಲ. ಕೂಸಿಗೆ ಅಪ್ಪ ಅಂದ್ರ ಮೈ ಇಲ್ಲದ, ವಾಸನಿ ಇಲ್ಲದ, ಅಂಗೈಯಷ್ಟು ಒಂದು ಗಾಜು. ಬ್ಯಾಸಗಿತನಕ ಕಾಯೋದು ಬ್ಯಾಡ, ಫೆಬ್ರುವರಿಯೊಳಗ ಹೋಗಿ ಒಂದು ತಿಂಗಳರೆ ಇದ್ದು ಬರೋದು ಅಂತ ಗಟ್ಟಿ ಮಾಡಿದೆ. ರೈಲಿನಾಗ ಎರಡು ರಾತ್ರಿ ಒಬ್ಬಾಕಿನ ಅಂದ್ರ ಅತ್ತಿಯವರು ಬ್ಯಾಡ ಅಂದ್ರು. ಹಿಂಗಾಗಿ ವಿಮಾನ.

ಮೊದಲು ಟಿಕೀಟಿನ ಮಾತು. ಎರಡು ವರ್ಷ ತುಂಬದ ಕೂಸಿಗೆ ಬ್ಯಾರೆ ಸೀಟು ಬೇಕಿಲ್ಲ, ಮಡಿಲಾಗ ಕೂಡಿಸಿಕೊಂಡು ಹೋಗಬಹುದು, ರೊಕ್ಕಾನೂ ಕಡಿಮಿ. ಎರಡು ತುಂಬಿದ್ರ ಸ್ವಂತ ಸೀಟು ತಗೋಬೇಕು. ಇದರಾಗ ಒಂದು ಮಾತು ಲಕ್ಷ್ಯದಾಗ ಇಡ್ರಿ: ಹೋಗೋವಾಗ ಎರಡು ತುಂಬಿರಂಗಿಲ್ಲ, ಬರೋದ್ರಾಗ ಹುಟ್ಟುಹಬ್ಬ ಆಗಿಬಿಡತದ, ಹಂಗಿದ್ರ ಬರೋ ಟಿಕೀಟು ಸೀಟಿಂದ ತಗೋಬೇಕಾಗತದ. ಮಡಿಲ ಕೂಸು ಅಂದ್ರೂ ಟಿಕೀಟಿನ್ಯಾಗ ಅದರ ಹೆಸರು ಇರಬೇಕು, ವಯಸ್ಸು ತೋರಸಲಿಕ್ಕೆ ಜನನ ಪ್ರಮಾಣಪತ್ರ ಕೈಯಾಗ ಇರಬೇಕು. ನಾನು ಮೂಲ ಪ್ರತಿ ಒಂದು, ಜೆರಾಕ್ಸ್ ಎರಡು, ಫೋನಿನ್ಯಾಗ ಒಂದು ಫೋಟೋ ಇಟಗೊಂಡಿದ್ದೆ.

ಯಾವ ಹೊತ್ತಿನ ವಿಮಾನ ಅನ್ನೋದೂ ದೊಡ್ಡ ವಿಷಯ. ಮುಂಜಾನೆ ಐದಕ್ಕ ಇದ್ದದ್ದು ಅಗ್ಗ ಇತ್ತು. ಆದ್ರ ಅದಕ್ಕ ಕೂಸಿನ್ನ ರಾತ್ರಿ ಎರಡಕ್ಕ ಎಬ್ಬಿಸಬೇಕು, ಮ್ಯಾಲೆ ಥಂಡಿ ದಿನದಾಗ ದಿಲ್ಲಿಯಾಗ ಮುಂಜಾನೆ ಮಂಜು ಬಿದ್ದು ವಿಮಾನ ತಡಾ ಆಗೋದು ಭಾಳ. ನಮ್ಮ ಪುಟ್ಟಿ ಮಧ್ಯಾಹ್ನ ಹನ್ನೆರಡೂವರಿಗೆ ಮಲಗೋಕಿ. ಅದಕ್ಕ ಹನ್ನೊಂದೂವರಿದು ತಗೊಂಡೆ. ಬೆಂಗಳೂರಿಂದ ದಿಲ್ಲಿಗೆ ಪೌಣೆ ಮೂರು ತಾಸು. ಹಿಂದಿನ ದಿನಾನ ವಂದೇ ಭಾರತದಾಗ ಧಾರವಾಡದಿಂದ ಹೊರಟು ಬೆಂಗಳೂರಾಗ ತಂಗಿ ಮನಿಯಾಗ ಉಳಕೊಂಡ್ವಿ. ಒಂದ ದಿನದಾಗ ರೈಲೂ ವಿಮಾನೂ ಎರಡೂ ಅಂದ್ರ ದೊಡ್ಡವರಿಗೇ ತ್ರಾಸು, ಕೂಸಿನ ಮಾತೇನು.

ಇನ್ನ ಕಿವಿ ಮಾತು. ಪುಟ್ಟಿಗೆ ಸಂಕ್ರಮಣದ ಹೊತ್ತಿಗೆ ನೆಗಡಿ ಆಗಿ ಬಲಗಿವಿ ನೋವು ಬಂದಿತ್ತು. ಅದ ನನಗ ದೊಡ್ಡ ಚಿಂತಿ. ಹೊರಡೋಕಿಂತ ನಾಕು ದಿನ ಮೊದಲು ಮಕ್ಕಳ ಡಾಕ್ಟರ್ ಕಡೆ ತೋರಿಸಿದೆ. ಅವರು ಕಿವ್ಯಾಗ ಬೆಳಕು ಬಿಟ್ಟು ನೋಡಿ, ಆರಿದ ಅದ, ಹೋಗ್ರಿ ಅಂದ್ರು. ಕಿವಿ ಸೋರತಿದ್ರ, ಜ್ವರ ಇದ್ರ, ಮೂಗು ಪೂರಾ ಕಟ್ಟಿದ್ರ ತೋರಿಸದ ವಿಮಾನ ಹತ್ತಬಾರದಂತ.

ಕಿವಿ ಯಾಕ ನೋಯತದ ಅನ್ನೋದನ್ನ ಅವರು ಭಾಳ ಚಂದ ತಿಳಿಸಿ ಹೇಳಿದ್ರು. ಕಿವಿ ತಮಟಿ ಹಿಂದ ಒಂದು ಸಣ್ಣ ಖೋಲಿ ಅದ ಅಂತ ತಿಳಕೊಳ್ರಿ. ಆ ಖೋಲಿಯಿಂದ ಗಂಟಲ ಕಡೆ ಒಂದು ಸಣ್ಣ ನಳಿಗಿ. ನಾವು ಗುಟಕ್ ಅಂತ ನುಂಗಿದಾಗ, ಆಕಳಿಸಿದಾಗ ಆ ನಳಿಗಿ ಬಾಯಿ ತಗದು ಗಾಳಿ ಒಳಗ-ಹೊರಗ ಆಡತದ. ಮಕ್ಕಳ ನಳಿಗಿ ಸಣ್ಣದು, ನಮ್ಮದರಕಿಂತ ಅಡ್ಡ ಇರತದ, ಲಗೂನ ತೆರೆಯಂಗಿಲ್ಲ. ವಿಮಾನ 35,000 ಅಡಿ ಮ್ಯಾಲೆ ಹಾರಿದ್ರೂ ಒಳಗ ಗಾಳಿ ತುಂಬಿ 6,000ದಿಂದ 8,000 ಅಡಿ ಎತ್ತರದಾಗ ಇದ್ದಂಗ ಇಡತಾರ. ಅಂದ್ರ ನಮ್ಮ ಮುಳ್ಳಯ್ಯನಗಿರಿ ತುದಿ ಅದ ಅಲ್ಲ, ಸುಮಾರು 6,300 ಅಡಿ, ಅಲ್ಲೆ ಕೂತಂಗ. ಏರೋವಾಗ ಖೋಲಿಯಾಗಿನ ಗಾಳಿ ತಾನ ಹೊರಗ ಹೋಗತದ, ಅಷ್ಟು ತ್ರಾಸಿಲ್ಲ. ಇಳಿಯೋವಾಗ ಹೊರಗಿನ ಗಾಳಿ ಒಳಗ ಬರಬೇಕು, ಆಗ ನಳಿಗಿ ತೆರೀಲಿಲ್ಲ ಅಂದ್ರ ತಮಟಿ ಒಳಗ ಜಗ್ಗಿ ನೋವು. ಅದರಾಗೂ ಬೆಂಗಳೂರು ಸಮುದ್ರಕಿಂತ ಸುಮಾರು 3,000 ಅಡಿ ಎತ್ತರದಾಗ ಅದ, ದಿಲ್ಲಿ ಸಾವಿರ ಅಡಿನೂ ಇಲ್ಲ. ಹಿಂಗಾಗಿ ಹೋಗೋವಾಗ ಏರಿದ್ದಕಿಂತ ಇಳಿಯೋದು ಹೆಚ್ಚು.

"ಅಂದ್ರ ಕಿವ್ಯಾಗ ಹತ್ತಿ ಇಡಲ್ರೇನು?" ಅಂದೆ. ಹತ್ತಿಯಿಂದ ಸಪ್ಪಳ ಒಂಚೂರು ಕಡಿಮಿ ಆಗತದ, ಒಳಗಿನ ಖೋಲಿಗೆ ಅದರಿಂದ ಏನೂ ಆಗಂಗಿಲ್ಲ ಅಂದ್ರು. ನುಂಗಸೋದು ಒಂದ ಉಪಾಯ. ಹಾಲು, ನೀರು, ತಿನಸು, ಏನರೆ ಇರಲಿ. ಮಲಗಿದ ಕೂಸು ನುಂಗೋದು ಕಡಿಮಿ, ಅದಕ್ಕ ಇಳಿಯೋ ಮೊದಲು ಎಬ್ಬಿಸ್ರಿ ಅಂದ್ರು.

ಮನಿಗೆ ಬಂದು ಹೇಳಿದೆ. ಮಗ್ಗಲ ಮನಿ ಕಾಕು ಇದ್ರು. ನನ್ನ ಬಾಣಂತನದಾಗ ಪುಟ್ಟಿಗೆ ಎರೆದವರು ಅವರ, ಅವರ ಮಾತು ತಗದು ಹಾಕಲಿಕ್ಕೆ ನನಗ ಮನಸ್ಸು ಬರಂಗಿಲ್ಲ. "ಅಷ್ಟೆಲ್ಲಾ ಯಾಕ ತಂಗಿ, ಒಂದು ಚಮಚ ನೆಗಡಿ ಔಷಧ ಹಾಕು. ದಿಲ್ಲಿ ಬರೋತನಕ ಗಪ್ ಮಲಗತದ" ಅಂದ್ರು. ನಾನು ಅದನ್ನೂ ಡಾಕ್ಟರಿಗೆ ಕೇಳಿಕೊಂಡ ಬಂದಿದ್ದೆ. "ಕಾಕು, ಬ್ಯಾಡಂತ್ರಿ. ಮಲಗಸಲಿಕ್ಕೆ ಅಂತ ಔಷಧ ಕೊಡಬಾರದಂತ. ಕೆಲವು ಕೂಸುಗೋಳು ಮಲಗೋದು ಬಿಟ್ಟು ಮತ್ತಿಷ್ಟು ಕಿರಿಕಿರಿ ಮಾಡತಾವಂತ" ಅಂದೆ. ಇದು ಬರೇ ಒಬ್ಬ ಡಾಕ್ಟರ ಮಾತಲ್ಲ. ಕ್ಲೋರ್‌ಫೆನಿರಮೈನ್, ಫಿನೈಲೆಫ್ರಿನ್ ಅಂತ ಎರಡು ಕೂಡಿಸಿದ ನೆಗಡಿ ಔಷಧ ಬರತಾವ ಅಲ್ಲ, ಅದನ್ನ 4 ವರ್ಷಕಿಂತ ಸಣ್ಣ ಮಕ್ಕಳಿಗೆ ಕೊಡಬಾರದು ಅಂತ ಬಾಟಲಿ ಮ್ಯಾಲೆ ಬರೀಬೇಕು ಅಂತ 2023ರ ಡಿಸೆಂಬರದಾಗ ಕೇಂದ್ರದ ಔಷಧ ನಿಯಂತ್ರಕರು ಹೇಳ್ಯಾರ. ಕಾಕು ಒಂದು ಗಳಿಗಿ ಸುಮ್ಮನಿದ್ದು, "ನಮ್ಮ ಕಾಲದಾಗ ಯಾರು ಹೇಳತಿದ್ರು ಇದನ್ನೆಲ್ಲಾ. ಬ್ಯಾಡಂದ್ರ ಬ್ಯಾಡ" ಅಂದ್ರು. ಮರುದಿನ ತಾವ ಅಕ್ಕಿ-ಹೆಸರುಬ್ಯಾಳಿ ಹುರದು ಬೀಸಿದ ಹಿಟ್ಟು ಒಂದು ಡಬ್ಬಿ ತಂದುಕೊಟ್ರು, ಬಿಸಿನೀರಾಗ ಕಲಿಸಿದ್ರ ಕೂಸಿನ ಊಟ ತಯಾರು ಅಂತ.

ಒಂದು ವಾರ ಮೊದಲಿಂದ ಮನಿಯಾಗ ವಿಮಾನದ ಆಟ ಸುರು ಮಾಡಿದ್ವಿ. ನಡುಮನಿಯಾಗ ಮೂರು ಖುರ್ಚಿ ಸಾಲಾಗಿ ಇಟ್ಟು, ನಾನು ಕೂತು ಪುಟ್ಟಿನ್ನ ತೊಡಿ ಮ್ಯಾಲೆ ಕೂಡಿಸಿಕೊಂಡು, ಓಢಣಿಯಿಂದ ಇಬ್ಬರ ಹೊಟ್ಟಿಗೂ ಬ್ಯಾರೆ ಬ್ಯಾರೆ ಕಟ್ಟೋದು. ಅತ್ತಿಯವರು ಮಿಕ್ಸರ್ ಹಚ್ಚಿ "ಗುಂಯ್" ಅನಸೋರು, ಅದ ವಿಮಾನದ ಸಪ್ಪಳ. "ಪಟ್ಟಿ ಕಟ್ಟಿದ್ರ ಪುಟ್ಟಿ ಹಾರತದ" ಅಂತ ಅತ್ತಿಯವರ ಹಾಡು ಕಟ್ಟಿದ್ರು. ಮೊದಲ ಎರಡು ದಿನ ಜಗ್ಗಿಕೊಂಡು ಓಡಿ ಹೋದಳು. ನಾಕನೇ ದಿನಕ್ಕ ತಾನ ಓಢಣಿ ತಂದು "ಪಟ್ಟಿ" ಅಂದಳು.

ಬ್ಯಾಗಿನ ಮಾತಿಗೆ ಬರೋಣು. ಅತ್ತಿಯವರು ಮಗನಿಗೆ ಅಂತ ಒಣಕೊಬ್ಬರಿ, ಮಾವಿನಕಾಯಿ ಉಪ್ಪಿನಕಾಯಿ, ಶೇಂಗಾ ಹಿಂಡಿ, ಪೇಢೆ ಎಲ್ಲಾ ತಗದಿಟ್ಟಿದ್ರು. ಒಣಕೊಬ್ಬರಿ ವಿಮಾನದಾಗ ಒಯ್ಯಲಿಕ್ಕೆ ಬಿಡಂಗಿಲ್ಲ, ಅದರಾಗ ಎಣ್ಣಿ ಅಂಶ ಭಾಳ, ಬೆಂಕಿ ಹತ್ತೋ ಅಂಜಿಕಿ. ಅದು ಮನಿಯಾಗ ಉಳೀತು. ಉಪ್ಪಿನಕಾಯಿ ದೊಡ್ಡ ಬ್ಯಾಗಿಗೆ. ಕೈಚೀಲದಾಗ ಬರೇ ಕೂಸಿನ ಸಾಮಾನು. ಕೂಸಿನ ಹಾಲು, ಊಟ ದಾರಿಗೆ ಆಗೋವಷ್ಟು ಒಯ್ಯಲಿಕ್ಕೆ ಅಡ್ಡಿ ಇಲ್ಲ. ಸಿಪ್ಪರಿನ್ಯಾಗ ನೀರು, ಕಾಕು ಕೊಟ್ಟ ಹಿಟ್ಟು, ಬಾಳೆಹಣ್ಣು, ಚುರಮುರಿ, ತುಪ್ಪ-ಸಕ್ರಿ ಹಚ್ಚಿದ ನಾಕು ಚಪಾತಿ ಸುರಳಿ. ಇಡೀ ಶೇಂಗಾ, ಇಡೀ ದ್ರಾಕ್ಷಿ, ಗಟ್ಟಿ ಪೆಪರಮೆಂಟು ಈ ವಯಸ್ಸಿನ ಕೂಸಿಗೆ ಬ್ಯಾಡ್ರಿ, ಗಂಟಲಾಗ ಸಿಕ್ಕಿಬಿಡತದ. ಡಯಾಪರ್ ತಾಸಿಗೊಂದರಂಗ ಲೆಕ್ಕ ಹಾಕಿ ಮ್ಯಾಲೆ ಎರಡು, ಪುಟ್ಟಿಗೆ ಎರಡು ಜೋಡಿ ಅರಿವಿ, ನನಗೂ ಒಂದು ಕುರ್ತಾ. ಕೂಸು ವಾಂತಿ ಮಾಡಿಕೊಂಡ್ರ ಅದರ ಅರಿವಿ ಬದಲಸತೀವಿ, ನಮ್ಮ ಮೈಮ್ಯಾಲಿಂದು ಹಂಗ ಇರತದ. ದಿಲ್ಲಿ ಥಂಡಿ ಅಂತ ದಪ್ಪನ್ನ ಸ್ವೆಟರ್ ಒಂದ ಹಾಕೋದಕಿಂತ ತೆಳ್ಳನ್ನವು ಎರಡು ಹಾಕಿದ್ರ ಬೇಕಾದಾಗ ಒಂದು ತಗೀಬಹುದು.

ಎಲ್ಲಾದ್ರಕಿಂತ ಉಪಯೋಗ ಆಗಿದ್ದು ಒಂದು ಸಣ್ಣ ಕೌದಿ. ಪುಟ್ಟಿ ಮಲಗೋದು ನಮ್ಮ ಅವ್ವ ಹೊಲದ ಕೌದಿ ಮ್ಯಾಲೆ. ಅದನ್ನ ಪೂರಾ ಒಯ್ಯಲಿಕ್ಕೆ ಆಗಂಗಿಲ್ಲ. ಅವ್ವ ತನ್ನ ಹಳೇ ಇಳಕಲ್ ಸೀರಿ ತುಂಡು ಹಾಕಿ ಎರಡು ಗೇಣಿನ ಕೌದಿ ಹೊಲದು ಕೊಟ್ಲು. ಹದಿನೈದು ದಿನ ಅದನ್ನ ಪುಟ್ಟಿ ಹಾಸಿಗ್ಯಾಗ ಇಟ್ಟೆ, ತೊಳೀಲಿಲ್ಲ. ಮನಿ ವಾಸನಿ ಅದಕ್ಕ ಹತ್ತಬೇಕು.

ಆಟಗಿ ಸಾಮಾನು ಹೊಸಾವು ಕೊಂಡಿಲ್ಲ. ಮುಚ್ಚಳ ಇದ್ದ ಎರಡು ಸಣ್ಣ ಪ್ಲಾಸ್ಟಿಕ್ ಡಬ್ಬಿ, ಚಿಕ್ಕಿ-ಚಿಕ್ಕಿ ಸ್ಟಿಕರ್ ಹಾಳಿ, ತಗದು ಹಚ್ಚೋ ಕಾಗದದ ಟೇಪು, ಗುಂಡಿ ಹಚ್ಚಿದ ಅರಿವಿ ತುಂಡು, ಒಂದು ಚಿತ್ರದ ಪುಸ್ತಕ. ಒಂದೊಂದನ್ನೂ ಹಳೇ ಪೇಪರಿನ್ಯಾಗ ಸುತ್ತಿಟ್ಟೆ. ಬಿಚ್ಚೋದ ಅರ್ಧಾ ಆಟ ಆಗತದ. ಎಲ್ಲಾ ಒಮ್ಮೆ ತಗೀಬಾರದು, ಒಂದು ಬ್ಯಾಸರಾದ ಮ್ಯಾಲೆ ಇನ್ನೊಂದು. ಫೋನಿನ್ಯಾಗೂ ಎರಡು ಹಾಡು ಇಳಿಸಿಕೊಂಡಿದ್ದೆ, ಅದು ಕಡೀ ಉಪಾಯ.

ದೇವನಹಳ್ಳಿಗೆ ಎರಡೂವರಿ ತಾಸು ಮೊದಲ ಮುಟ್ಟಿದ್ವಿ. ತಪಾಸಣಿ ಕಡೆ ಹೆಣ್ಣುಮಕ್ಕಳಿಗೆ ಪರದೆ ಹಾಕಿದ ಜಾಗಾ ಇರತದ, ಕೂಸು ನಮ್ಮ ಕಂಕುಳಾಗ ಇರಬಹುದು. ಮಡಚೋ ಗಾಡಿ ಇದ್ರ ವಿಮಾನದ ಬಾಗಿಲತನಕ ಒಯ್ದು ಅಲ್ಲೆ ಕೊಡಬಹುದು. ಒಳಗ ಹೋದ ಮ್ಯಾಲೆ ಕೂಡಸಲಿಕ್ಕೆ ಹೋಗಬ್ಯಾಡ್ರಿ, ಓಡಾಡಲಿ. ಪುಟ್ಟಿ ಗಾಜಿನ ಕಿಡಕಿಗೆ ಮೂಗು ಒತ್ತಿ ಇಪ್ಪತ್ತು ವಿಮಾನಕ್ಕರೆ ಟಾಟಾ ಮಾಡಿದ್ಲು. ಹತ್ತೋ ಮೊದಲು ಡಯಾಪರ್ ಬದಲಿಸಿದೆ, ನಾನೂ ಕೂತು ಎರಡು ಇಡ್ಲಿ ತಿಂದೆ. ಹಸದ ತಾಯಿಗೆ ಸಿಟ್ಟು ಲಗೂನ ಬರತದ, ಅದು ಕೂಸಿಗೆ ಗೊತ್ತಾಗತದ.

ವಿಮಾನದಾಗ ಗಗನಸಖಿ ಒಂದು ಸಣ್ಣ ಪಟ್ಟಿ ತಂದು ಕೊಟ್ಲು. ಅದು ನಮ್ಮ ಪಟ್ಟಿಗೆ ಸಿಗಿಸಿ ಕೂಸಿಗೆ ಬ್ಯಾರೆ ಕಟ್ಟೋದು. ಒಂದ ಪಟ್ಟಿಯಾಗ ಇಬ್ಬರನ್ನೂ ಕಟ್ಟಬಾರದು, ಝಟಕಿ ಬಂದ್ರ ನಮ್ಮ ಭಾರ ಎಲ್ಲಾ ಕೂಸಿನ ಮ್ಯಾಲೆ ಬೀಳತದ. ಪುಟ್ಟಿ "ಪಟ್ಟಿ, ಪಟ್ಟಿ" ಅಂತ ತಾನ ಹೊಟ್ಟಿ ಮುಂದ ಮಾಡಿದ್ಲು. ಮಿಕ್ಸರಿನ ಸಪ್ಪಳ ಸುರು ಆತು. ಇಲ್ಲೊಂದು ಕಿವಿಮಾತು: ಬಾಗಿಲು ಹಾಕಿದ ಕೂಡಲೇ ಹಾಲು-ನೀರು ಕೊಡಬ್ಯಾಡ್ರಿ. ವಿಮಾನ ನೆಲದ ಮ್ಯಾಲೆನ ಹದಿನೈದು-ಇಪ್ಪತ್ತು ನಿಮಿಷ ತಿರಗತದ. ಅಷ್ಟರಾಗ ಕೂಸಿನ ಹೊಟ್ಟಿ ತುಂಬಿ, ಏರೋವಾಗ ಬ್ಯಾಡ ಅಂತದ. ಜೋರಾಗಿ ಓಡಲಿಕ್ಕೆ ಸುರು ಮಾಡಿದಾಗ ಸಿಪ್ಪರ್ ಬಾಯಿಗಿಡ್ರಿ. ನಾನು ಹಂಗ ಮಾಡಿದೆ, ಏರಿದ್ದು ಗೊತ್ತಾಗಲಿಲ್ಲ.

ಮ್ಯಾಲೆ ಹೋದ ಮ್ಯಾಲೆ ಚುರಮುರಿ ಪಾಕೀಟು ತಗದ್ರ ಪುಗ್ಗಿಯಂಗ ಉಬ್ಬಿತ್ತು! ಪುಟ್ಟಿಗೆ ಅದ ಒಂದು ಆಟಗಿ ಆತು. ಹೊರಗಿನ ಗಾಳಿ ಒತ್ತಡ ಕಡಿಮಿ ಆದಂಗ ಒಳಗಿನ ಗಾಳಿ ಹಿಗ್ಗತದ. ಸಿಪ್ಪರಿನದೂ ಅದ ಕಥಿ. ಮುಚ್ಚಿದ ಸಿಪ್ಪರಿನ ನಳಿಗಿ ಒಮ್ಮೆಲೆ ತಗದ್ರ ನೀರು ಚಿಳ್ ಅಂತ ಮಾರಿಗೆ ಹಾರತದ. ಮ್ಯಾಲೆ ಅರಿವಿ ಹಿಡಕೊಂಡು, ಮುಚ್ಚಳ ಸ್ವಲ್ಪ ಸಡಲ ಮಾಡಿ ಗಾಳಿ ಬಿಟ್ಟು ಆಮ್ಯಾಲೆ ಕೊಡಬೇಕು. ಹೊಟ್ಟಿಯಾಗಿನ ವಾಯೂನೂ ಹಿಂಗ ಉಬ್ಬತದ, ಅದಕ್ಕ ಸ್ವಲ್ಪ-ಸ್ವಲ್ಪನ ತಿನಸೋದು ಛಲೋ. ಒಳಗಿನ ಗಾಳಿ ಭಾಳ ಒಣ, ನಡುನಡುವ ನೀರು ಕೊಡತಿರಬೇಕು. ಹನ್ನೆರಡೂವರಿ ಆಗೋದ್ರಾಗ ಕಣ್ಣು ತಿಕ್ಕಿದ್ಲು, ಸಣ್ಣ ಕೌದಿ ಮೂಗಿಗೆ ಹಿಡಕೊಂಡು ನನ್ನ ಎದಿ ಮ್ಯಾಲೆ ಮಲಗಿಬಿಟ್ಲು. ಒಂದು ತಾಸು ನಾನು ಅಲ್ಲಾಡಲಿಲ್ಲ.

ಇಳಿಯೋದು ಸುರು ಆಗತದ ಅಂತ ಹೇಳಿದ್ರು. ಮುಟ್ಟಲಿಕ್ಕೆ ಇನ್ನ ಅರ್ಧಾ ತಾಸು. ಮಲಗಿದ ಕೂಸಿನ್ನ ಎಬ್ಬಿಸೋದು ಅಂದ್ರ ಯಾವ ತಾಯಿಗೂ ಮನಸ್ಸು ಬರಂಗಿಲ್ಲ. ಬಲಗಿವಿ ನೆನಪಾತು. ಎಬ್ಬಿಸಿದೆ. ಎದ್ದಕಿನ ಚೀರಿದ್ಲು ನೋಡ್ರಿ, ಪೂರಾ ವಿಮಾನ ತಿರುಗಿ ನೋಡಬೇಕು. ಸಿಪ್ಪರ್ ಕೊಟ್ರ ಒಗದ್ಲು. ಬಾಳೆಹಣ್ಣು ಬ್ಯಾಡ. ಪುಸ್ತಕ ಬ್ಯಾಡ. ಹಾಡು ಬ್ಯಾಡ. ಕಿವಿ ಹಿಡಕೊಂಡು ಹಿಂದಕ್ಕ ಬಾಗಿ ಅಳು. ಆಚೀಕಡೆ ಸಾಲಿನವರು ಒಬ್ರು "ಸುಮ್ಮನಿರಸ್ರಿ ಅದನ್ನ" ಅಂತ ಹಿಂದಿಯಾಗ ಅಂದ್ರು. ನನ್ನ ಮಗ್ಗಲ ಕಿಡಕಿ ಕಡೆ ಒಬ್ಬ ವಯಸ್ಸಾದ ಅಜ್ಜಿ ಕೂತಿದ್ರು, ಅವರ ಕಡೆ ಕೈ ಮಾಡಿ, "ಕೂಸು ಅಳದ ಮತ್ತ್ಯಾರು ಅಳಬೇಕು, ನೀವೇನು?" ಅಂದ್ರು ತಮ್ಮ ಹಿಂದಿಯಾಗ. ನನಗೂ ಅಳು ಬರೋ ಹೊತ್ತಿನಾಗ ನಗು ಬಂತು.

ಆಗ ನಾನು ಪುಟ್ಟಿಗೆ ಏನೂ ಕೊಡೋದು ಬಿಟ್ಟೆ. ಡಬ್ಬಿ ತಗದು ಚಪಾತಿ ಸುರಳಿ ನಾನ ತಿನ್ನಲಿಕ್ಕೆ ಹತ್ತಿದೆ. "ಆಹಾ, ಏನು ರುಚಿ, ಅಜ್ಜಿ ಮಾಡಿದ್ದು" ಅಂತ ಬಾಯಿ ಸಪ್ಪಳ ಮಾಡಿಕೊಂತ. ಕಿಡಕಿ ಅಜ್ಜಿಗೂ ಒಂದು ತುಂಡು ಕೊಟ್ಟೆ, ಅವರೂ ತಿಳಕೊಂಡು ತಲಿ ಅಲ್ಲಾಡಿಸಿ ತಿಂದ್ರು. ಎರಡು ನಿಮಿಷ ಪುಟ್ಟಿ ಅಳಕೋತನ ನೋಡಿದ್ಲು. ಆಮ್ಯಾಲೆ ಕೈ ಬಂತು. "ನಂಗ." ಸಣ್ಣ ಸಣ್ಣ ತುಂಡು ಕೊಟ್ಟೆ. ಅಗದು ನುಂಗಿದ್ಲು, ಸಕ್ರಿಗೆ ನೀರಡಿಸಿ ನೀರು ಕುಡದ್ಲು, ಮತ್ತ ತಿಂದ್ಲು. ಗಾಲಿ ನೆಲಕ್ಕ ಬಡದಾಗ ಬಾಯಿ ತುಂಬ ಚಪಾತಿ, ಕೈ ಕಿವಿ ಬಿಟ್ಟಿತ್ತು. ಮರುದಿನಾನೂ ಕಿವಿ ಮುಟ್ಟಿಕೊಳ್ಳಲಿಲ್ಲ, ಜ್ವರ ಬರಲಿಲ್ಲ.

ಇನ್ನ ಅಪ್ಪನ ಮಾತು. ಹಿಂದಿನ ರಾತ್ರಿನ ಅವರಿಗೆ ಹೇಳಿಟ್ಟಿದ್ದೆ, ಓಡಿ ಬಂದು ಎತ್ತಿಕೋಬ್ಯಾಡ್ರಿ, ಅಂಜತದ ಅಂತ. ಆರು ತಿಂಗಳಿಂದ ನೋಡದ ಮಗಳು, ಅವರಿಗೆ ಹೆಂಗಾಗಿರಬೇಕು ಹೇಳ್ರಿ. ಹೊರಗ ಬಂದ್ರ ನಿಂತಿದ್ರು. ಪುಟ್ಟಿ ಒಮ್ಮೆ ನೋಡಿ ನನ್ನ ಹೆಗಲಾಗ ಮಾರಿ ಮುಚ್ಚಿದ್ಲು. ಅವರ ಕೈ ಅರ್ಧಾ ಮುಂದ ಬಂದದ್ದು ಹಂಗ ನಿಂತಿತು. ಟ್ಯಾಕ್ಸಿಯಾಗ ಮುಂದ ಕೂತು ಹಿಂದಕ ತಿರುಗಿ ನೋಡಲಿಲ್ಲ. ಕನ್ನಡಿಯಾಗ ಅವರ ಕಣ್ಣು ಕೆಂಪಾಗಿದ್ದು ನನಗ ಕಂಡಿತು.

ಮನಿ ಮುಟ್ಟಿದ ಮ್ಯಾಲೆ ಅವರು ನೆಲದ ಮ್ಯಾಲೆ ಕೂತು, ಪುಟ್ಟಿನ್ನ ನೋಡದನ, ಫೋನಿನ್ಯಾಗ ದಿನಾ ಹಾಡತಿದ್ದ ಹಾಡು ಸಣ್ಣಗ ಹಾಡಿದ್ರು. ಪುಟ್ಟಿ ತಿರುಗಿದ್ಲು. ನನ್ನ ಚೀಲಕ್ಕ ಕೈ ಹಾಕಿ ಫೋನ್ ತಗೊಂಡ್ಲು, ನೋಡಿದ್ಲು, ಅದರಾಗ ಯಾರೂ ಇಲ್ಲ. ಅವರ ಮಾರಿ ನೋಡಿದ್ಲು. ಮತ್ತ ಫೋನ್ ನೋಡಿದ್ಲು. ಆಮ್ಯಾಲೆ ಹೋಗಿ ಫೋನು ಅವರ ಕೈಯಾಗ ಇಟ್ಟು, ಗಲ್ಲದ ಗಡ್ಡ ಮುಟ್ಟಿ, ಚುಚ್ಚಿತಲ್ಲ, ಕೈ ಹಿಂದಕ್ಕ ತಗೊಂಡು "ಅಪ್ಪ?" ಅಂದ್ಲು. ಅವರು "ಹೂಂ" ಅಂದ್ರು. ಅದಕಿಂತ ಹೆಚ್ಚು ಅವರಿಗೆ ಮಾತು ಬರಲಿಲ್ಲ. ರಾತ್ರಿ ಕೌದಿ ತಗೊಂಡು ಇಬ್ಬರ ನಡುವ ಮಲಗಿದ್ಲು, ಕಾಲು ಅವರ ಹೊಟ್ಟಿ ಮ್ಯಾಲೆ.

ಬರೋವಾಗ ಅವರೂ ಜೋಡಿ ಬಂದ್ರು, ಕೆಲಸ ಅರ್ಧಾ ಆತು. ಈಗ ಪುಟ್ಟಿ ಫೋನಿಗೆ "ಫೋನು" ಅಂತಾಳ, ವಿಡಿಯೋ ಕಾಲಿನ್ಯಾಗ "ಅಪ್ಪ, ಬಾ" ಅಂತಾಳ. ಜೂನಿನೊಳಗ ನಾವೂ ಅಲ್ಲೇ ಹೋಗೋದು, ಮನಿ ಸಿಕ್ಕದ. ಅಷ್ಟರಾಗ ಅಕಿಗೆ ಎರಡು ತುಂಬತದ, ಸ್ವಂತ ಸೀಟಿನ್ಯಾಗ ಕೂಡತಾಳ. ಮಗ್ಗಲ ಮನಿ ಕಾಕು ಈಗಿಂದನ ಹಿಟ್ಟು ಬೀಸಲಿಕ್ಕೆ ಅಕ್ಕಿ ತೊಳದು ಹಾಕ್ಯಾರ. ನಿಮ್ಮ ಪೈಕಿ ಯಾರರೆ ಸಣ್ಣ ಕೂಸು ಕರಕೊಂಡು ಹೊರಟಿದ್ರ ಇವತ್ತ ಒಂದು ಹಳೇ ಸೀರಿ ತುಂಡು ಹುಡಕಿ ಇಡ್ರಿ, ಕೌದಿಗೆ ವಾಸನಿ ಹತ್ತಲಿಕ್ಕೆ ಹದಿನೈದು ದಿನ ಬೇಕು. ಚಪಾತಿ ನಾಕು ಹೆಚ್ಚಿಗೆ ಕಟ್ಟಿಕೊಳ್ರಿ, ಮಗ್ಗಲ ಸೀಟಿನವರಿಗೂ ಆಗತದ.